ಫ್ರೀಜರಿಗೆ ಕೊಟ್ಟ ರಜೆ

ಶೈಲಜಾಳನ್ನು ಕೆಟ್ಟವಳು ಎಂದು ಚಿಂತಾಮಣಿಯಲ್ಲಿ ಯಾರೂ ಅಂದಿರಲಿಲ್ಲ. ಕೆಟ್ಟವಳಾಗುವುದಕ್ಕೂ ಒಂದಿಷ್ಟು ಧೈರ್ಯ, ಒಂದಿಷ್ಟು ಬಿಡುವು ಬೇಕು. ಅವಳಿಗೆ ಎರಡೂ ಇರಲಿಲ್ಲ. ಐದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು, ವಯಸ್ಸು ಮೂವತ್ತರ ಹೊಸ್ತಿಲಿಗೆ ಬಂದಿತ್ತು. ಗಂಡಿನ ಮಾತು ತಂದವರಿಗೆಲ್ಲ ಅವಳ ತಾಯಿ ಶ್ಯಾಮಲಮ್ಮ "ಇದೊಂದು ಓದು ಮುಗೀಲಿ" ಎಂದು ಹೇಳಿ ಹೇಳಿ, ಈಗ ಮಾತು ತರುವವರೇ ಆ ಬೀದಿಗೆ ಬರುವುದನ್ನು ಬಿಟ್ಟಿದ್ದರು.

ಅವಳಿದ್ದ ಸಂಶೋಧನಾ ಕೇಂದ್ರ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ, ಹಿಪ್ಪುನೇರಳೆ ತೋಟಗಳ ನಡುವೆ ಇತ್ತು. ಬೆಂಗಳೂರಿನ ಯಾವುದೋ ಟ್ರಸ್ಟಿನವರು ಕಟ್ಟಿಸಿದ್ದು. ಬೋರ್ಡಿನ ಮೇಲೆ ಎರಡು ಸಾಲಿನ ಹೆಸರಿದ್ದರೂ ಸುತ್ತಲಿನ ಹಳ್ಳಿಯವರು ಅದನ್ನು 'ಇಲಿ ಆಫೀಸು' ಎಂದೇ ಕರೆಯುತ್ತಿದ್ದರು. ಇಲಿಗಳಿಗೆ ಔಷಧಿ ಚುಚ್ಚಿ ಸಕ್ಕರೆ ಕಾಯಿಲೆ ತರಿಸುವುದು, ಆಮೇಲೆ ಹಿಪ್ಪುನೇರಳೆ ಸೊಪ್ಪಿನ ಪುಡಿ ತಿನ್ನಿಸಿ ಕಾಯಿಲೆ ಇಳಿಯಿತೇ ನೋಡುವುದು, ಇದು ಅಲ್ಲಿಯ ಕಸುಬು. ಹುಳ ಸಾಕಿ ಹೊಟ್ಟೆ ಹೊರೆಯುವ ಜನಕ್ಕೆ ಇದು ಸೋಜಿಗ. ಹುಳಕ್ಕೇ ಸೊಪ್ಪು ಸಾಲದ ಕಾಲದಲ್ಲಿ ಇಲಿಗೆ ಹಾಕುವವರು ಎಂಥ ಪುಣ್ಯವಂತರೋ ಎಂದು ಬಸ್ಸಿನಲ್ಲಿ ಅಣಕಿಸುತ್ತಿದ್ದರು.

ಆ ಕೇಂದ್ರದಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದವನು ಆವಲಪ್ಪ. ಐವತ್ತೆರಡರ ಮನುಷ್ಯ. ಮೊದಲು ಶಿಡ್ಲಘಟ್ಟದಲ್ಲಿ ಅಮಾನುಲ್ಲಾ ಸಾಬರ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿದ್ದ. ಕುದಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳುಗಳ ತುದಿ ಬೆಂದು ಬಿಳಿಚಿಕೊಂಡಿದ್ದವು. ಆ ಕೈಗಳಿಗೆ ಬಿಡುಗಡೆ ಸಿಗಲಿ ಎಂದೇ ಇಲ್ಲಿಗೆ ಬಂದಿದ್ದ. ಹನ್ನೊಂದು ವರ್ಷದಿಂದ ದಿನಗೂಲಿ. ಗಾಜಿನ ಸಾಮಾನು ತೊಳೆಯುವುದು, ಇಲಿಗಳಿಗೆ ಮೇವು ನೀರು, ಯಂತ್ರಗಳ ಧೂಳು, ಎಲ್ಲ ಅವನದೇ. ಆ ವರ್ಷ, ಅಂದರೆ 2006ರಲ್ಲಿ, ಟ್ರಸ್ಟಿನವರು ನಾಲ್ಕು ಜನ ದಿನಗೂಲಿಗಳನ್ನು ಕಾಯಂ ಮಾಡುವುದಾಗಿ ಹೇಳಿದ್ದರು. ಪಟ್ಟಿಯಲ್ಲಿ ಅವನ ಹೆಸರು ಮೂರನೆಯದು. ಕಾಯಂ ಆದರೆ ಪಿಂಚಣಿ, ಆಸ್ಪತ್ರೆ ಖರ್ಚು, ಮುದಿತನಕ್ಕೊಂದು ನೆರಳು. ತಪ್ಪಿದರೆ ಮತ್ತೆ ಅದೇ ಕುದಿನೀರು. ಅವನು ದಿನಕ್ಕೊಮ್ಮೆಯಾದರೂ ಶೈಲಜಾಳ ಹತ್ತಿರ, "ಪಟ್ಟಿ ಯಾವಾಗ ಹೋಗ್ತದಮ್ಮ ಬೆಂಗಳೂರಿಗೆ?" ಎಂದು ಕೇಳುತ್ತಿದ್ದ.

ಶೈಲಜಾಳ ಎದೆಯಲ್ಲಿ ಇನ್ನೊಂದು ಪಟ್ಟಿ, ಕಂದು ಬಣ್ಣದ್ದು, ಕೂತಿತ್ತು. ಹಿಪ್ಪುನೇರಳೆ ತಿಂದ ಇಲಿಗಳ ಮಾಂಸಖಂಡದಲ್ಲಿ ಇನ್ಸುಲಿನ್ ರಿಸೆಪ್ಟರ್ ಹೆಚ್ಚಾಗಿದೆಯೇ ಎಂದು ತೋರಿಸಿದರೆ ಅವಳ ಪ್ರಬಂಧ ಮುಗಿದಂತೆ. ಅದನ್ನು ತೋರಿಸಲು ಒಂದು ಆ್ಯಂಟಿಬಾಡಿ ಬೇಕು. ಅಮೆರಿಕದಿಂದ ತರಿಸಬೇಕು, ಮೂರು ತಿಂಗಳು ಕಾಯಬೇಕು. ಬರುವುದು ಹುಣಸೆ ಬೀಜದಷ್ಟು ಜಾಗದಲ್ಲಿ ಹಿಡಿಸುವ ನಾಲ್ಕು ಹನಿ. ಅದು ಸೆಪ್ಟೆಂಬರಿನಲ್ಲಿ ಬಂದ ದಿನ ಆವಲಪ್ಪ ಪುಟ್ಟ ಸೀಸೆಯನ್ನು ಕಣ್ಣರಳಿಸಿ ನೋಡಿ, ಇದೇನು ಮಾಡ್ತದೆ ಎಂದು ಕೇಳಿದ್ದ. ಶೈಲಜಾ ಅಂದು ಒಳ್ಳೆಯ ಮನಸ್ಸಿನಲ್ಲಿದ್ದಳು.

"ನೋಡು ಆವಲಪ್ಪ, ಸಕ್ಕರೆ ರಕ್ತದಲ್ಲಿರ್ತದೆ. ಮೈಯೊಳಗಿನ ಒಂದೊಂದು ಜೀವಕೋಶಕ್ಕೂ ಒಂದು ಬಾಗಿಲು, ಬಾಗಿಲಿಗೆ ಬೀಗ. ಇನ್ಸುಲಿನ್ ಅನ್ನೋದು ಬೀಗದಕೈ. ರಿಸೆಪ್ಟರ್ ಅನ್ನೋದೇ ಆ ಬೀಗ. ಈ ಹನಿ ಹೋಗಿ ಬೀಗ ಎಲ್ಲಿದ್ಯೋ ಅಲ್ಲೇ ಕೂತ್ಕೊಂತದೆ. ಬೇರೆ ಎಲ್ಲೂ ಕೂರಲ್ಲ."

"ನಮ್ಮಂತೋರಿಗೆ ಕಾಣಿಸ್ತದಾ?"

"ಬರೀ ಕಣ್ಣಿಗೆ ಕಾಣಲ್ಲ. ಅದನ್ನ ಹಿಡಿಯೋ ಎರಡನೇ ಆ್ಯಂಟಿಬಾಡಿ ಒಂದಿರ್ತದೆ. ಅದು ಬಂದು ಮೊದಲನೇದರ ಬೆನ್ನು ಹಿಡ್ಕೊಂಡ್ರೆ ಕಂದು ಬಣ್ಣದ ಪಟ್ಟಿ ಮೂಡ್ತದೆ. ಆವಾಗ ನಿಂಗೂ ತೋರಿಸ್ತೀನಿ."

ಆವಲಪ್ಪ ಸೀಸೆಯನ್ನು ಎರಡು ಕೈಯಲ್ಲಿ ಹಿಡಿದು ಫ್ರೀಜರಿನೊಳಗೆ ಇಟ್ಟ. ಅಂದಿನಿಂದ ಫ್ರೀಜರಿನ ಬಾಗಿಲು ಯಾರಾದರೂ ಜೋರಾಗಿ ಹಾಕಿದರೆ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಆ ವರ್ಷ ವಿಜಯದಶಮಿಯೂ ಗಾಂಧಿ ಜಯಂತಿಯೂ ಒಂದೇ ದಿನ, ಸೋಮವಾರ ಬಂದಿದ್ದವು. ಭಾನುವಾರ ಆಯುಧಪೂಜೆ. ಹಾಗಾಗಿ ಕೇಂದ್ರದ ಪೂಜೆಯನ್ನು ಶನಿವಾರ ಮಧ್ಯಾಹ್ನವೇ ಮುಗಿಸುವುದೆಂದಾಯಿತು. ಕನಕರಾಜ್ ಸರ್, ಶೈಲಜಾಳ ಗೈಡು, ಮಂಗಳಾರತಿ ತೆಗೆದುಕೊಂಡು ಕಾರಿನಲ್ಲಿ ತಮ್ಮೂರು ಗೌರಿಬಿದನೂರಿಗೆ ಹೊರಟುಹೋದರು. ಶೈಲಜಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡುವ ಆತುರದಲ್ಲಿದ್ದಳು. ಚೆಂಡುಹೂವಿನ ರಾಶಿಯ ಮುಂದೆ ಕೂತಿದ್ದ ಆವಲಪ್ಪ ಕೇಳಿದ.

"ಎಲ್ಲಾ ಮಿಷನ್ನಿಗೂ ಮಾಡಣಾಮ್ಮ?"

"ಎಲ್ಲಾದಕ್ಕೂ ಮಾಡು."

"ಆ ಐಸ್ ಪೆಟ್ಟಿಗೇಗೂ?"

"ಎಲ್ಲಾದಕ್ಕೂ ಅಂದ್ನಲ್ಲಪ್ಪ," ಎಂದು ಅವಳು ಮೆಟ್ಟಿಲಿಳಿದಳು. ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಈ ಸೀಮೆಯಲ್ಲಿ ಆಯುಧಪೂಜೆ ಎಂದರೆ ಬರೀ ಹೂವು ಕುಂಕುಮವಲ್ಲ. ಪೂಜೆ ಮಾಡಿದ ಯಂತ್ರವನ್ನು ಓಡಿಸಬಾರದು. ವರ್ಷವಿಡೀ ದುಡಿದ ಜೀವಕ್ಕೆ ಅದೊಂದು ದಿನ ರಜೆ. ಶಿಡ್ಲಘಟ್ಟದಲ್ಲಿ ಸಾಬರ ಕಾರ್ಖಾನೆಗಳೂ ಅಂದು ನಿಲ್ಲುತ್ತವೆ. ಒಲೆ ಆರಿಸಿ, ಸ್ವಿಚ್ಚು ತೆಗೆದು, ರಾಟೆಗೆ ಅರಿಸಿನ ಹಚ್ಚಿದರೆ ವಿಜಯದಶಮಿ ಕಳೆಯುವ ತನಕ ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಯಂತ್ರ ಮುನಿಯುತ್ತದೆ, ಕೈ ಕಚ್ಚುತ್ತದೆ. ಇಪ್ಪತ್ತು ವರ್ಷ ಹಾಗೆ ಬದುಕಿದ್ದ ಆವಲಪ್ಪ ತೂಕದ ಯಂತ್ರ ಆರಿಸಿದ, ಗಿರಗಿರ ತಿರುಗುವ ಯಂತ್ರ ಆರಿಸಿದ. ಆಮೇಲೆ ಫ್ರೀಜರಿನ ಮುಂದೆ ನಿಂತ. ಹಿಂದಿನ ವರ್ಷಗಳಲ್ಲಿ ಅದಕ್ಕೆ ಪೂಜೆಯೇ ಆಗಿರಲಿಲ್ಲ, ಅದಿದ್ದ ಕೋಣೆಗೆ ಬೀಗವಿರುತ್ತಿತ್ತು. ಈ ಸಲ ಅಮ್ಮಾವ್ರೇ ಹೇಳಿದ್ದಾರೆ. ಹಗಲೂ ಇರುಳೂ ಒಂದೇ ಸಮ ಗುಂಯ್‌ಗುಡುವ ಆ ಪೆಟ್ಟಿಗೆಯನ್ನು ಕಂಡು ಅವನಿಗೆ ನಿಜವಾಗಿಯೂ ಕನಿಕರವಾಯಿತು. ಸ್ವಿಚ್ಚು ತೆಗೆದ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ. ಮೂರು ಪಟ್ಟೆ ವಿಭೂತಿ ಎಳೆದು, ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು ಕೈಮುಗಿದ. ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ, ಯಾರೂ ಬರುವ ಮೊದಲೇ ಬಂದು, ಎಲ್ಲವನ್ನೂ ಹಾಕಿದ. ಹತ್ತು ಗಂಟೆಗೆ ಶೈಲಜಾ ಬಂದಾಗ ಫ್ರೀಜರು ಎಂದಿನಂತೆ ಗುಂಯ್‌ಗುಡುತ್ತಿತ್ತು.

ಆಮೇಲಿನ ಎರಡೂವರೆ ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಕ್ಟೋಬರಿನಲ್ಲಿ ಇಲಿಗಳನ್ನು ಕೊಂದು ಮಾಂಸ ತೆಗೆದಿಟ್ಟಳು. ಮಾಂಸ ಅರೆದು, ಅದರ ಪ್ರೋಟೀನನ್ನು ಬಿಳಿಯ ಹಾಳೆಯಂಥ ಪೊರೆಯ ಮೇಲೆ ಇಳಿಸಿ, ಅಮೆರಿಕದ ಹನಿಯನ್ನು ಎರೆದು, ಎರಡನೆಯ ಆ್ಯಂಟಿಬಾಡಿ ಎರೆದು, ಬಣ್ಣ ಬರಲೆಂದು ಕಾದಳು. ಬರಲಿಲ್ಲ. ಮತ್ತೆ ಮಾಡಿದಳು. ಹನಿ ಹೆಚ್ಚು ಹಾಕಿದಳು. ಹೊತ್ತು ಹೆಚ್ಚು ಬಿಟ್ಟಳು. ಒಂಬತ್ತು ಸಲ ಮಾಡಿದಳು, ಒಂಬತ್ತು ಸಲವೂ ಪೊರೆ ಬೋಳು. ಅದೇ ಪೊರೆಯ ಮೇಲೆ ಬೇರೊಂದು ಮಾಮೂಲಿ ಪ್ರೋಟೀನನ್ನು ಹುಡುಕಿದರೆ ಪಟ್ಟಿ ಎದ್ದು ಕಾಣುತ್ತಿತ್ತು. ಅಂದಮೇಲೆ ತನ್ನ ಕೈಚಳಕದಲ್ಲಿ ದೋಷವಿಲ್ಲ, ಆ ಸೀಸೆಯಲ್ಲೇ ಏನೋ ಇದೆ ಎಂದು ಶೈಲಜಾ ತೀರ್ಮಾನಿಸಿದಳು.

ಕನಕರಾಜ್ ಸರ್ ಆ ತೀರ್ಮಾನವನ್ನು ಒಪ್ಪುವ ಪೈಕಿಯವರಲ್ಲ. ಕೂಗಾಡುವವರೂ ಅಲ್ಲ. ಮೆತ್ತಗೆ, ನಗುನಗುತ್ತಾ, ನಾಲ್ಕು ಜನರೆದುರು ಚರ್ಮ ಸುಲಿಯುವವರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದರು ಒಂದು ದಿನ ಚಹದ ಹೊತ್ತಿನಲ್ಲಿ. "ನೋಡಮ್ಮ ಶೈಲಜಾ, ಡಿಸೆಂಬರ್ ಇಪ್ಪತ್ತಕ್ಕೆ ಕಮಿಟಿ ಬರ್ತದೆ. ಪಟ್ಟಿ ತೋರ್ಸು, ಇಲ್ಲಾಂದ್ರೆ ಫೆಲೋಷಿಪ್ ನಿಲ್ಸಿ ಅಂತ ನಾನೇ ಬರ್ಕೊಡ್ತೀನಿ. ನಿಮ್ಮಮ್ಮನಿಗೂ ಅನುಕೂಲ. ಮದುವೆ ಮಾಡಿ ಕಳಿಸ್ಬೋದು."

ಸುತ್ತ ಕೂತವರು ನಕ್ಕರು. ಶೈಲಜಾ ತಾನೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಹೊರಗೆ ಗಾಜಿನ ಸಾಮಾನು ತೊಳೆಯುತ್ತಿದ್ದ ಆವಲಪ್ಪನಿಗೆ ಅವಳ ಕೆಂಪು ಕಣ್ಣು ಕಾಣಿಸಿತು. ಅವನು ಟವೆಲ್ಲಿನ ಗಂಟಿನಲ್ಲಿದ್ದ ಹುರಿದ ಕಡಲೆಕಾಯಿಯನ್ನು ಅವಳ ಮೇಜಿನ ಮೇಲಿಟ್ಟು, "ಪೋನೀಲೇಮ್ಮಾ, ಹೋಗ್ಲಿ, ಆಗ್ತದೆ ಬಿಡಿ," ಎಂದ. ಮನಸ್ಸು ಕರಗಿದಾಗ ಅವನ ಬಾಯಿಗೆ ಮನೆಯ ತೆಲುಗೇ ಬರುತ್ತಿತ್ತು.

ಡಿಸೆಂಬರ್ ಹನ್ನೆರಡರಂದು ಸರ್ ಲ್ಯಾಬಿಗೆ ಬಂದು ಫ್ರೀಜರನ್ನು ತೆರೆಸಿದರು. ಒಳಗಿನ ಐಸ್ ಚೀಲಗಳು ಒಂದಕ್ಕೊಂದು ಅಂಟಿ, ತಳದಲ್ಲಿ ಒಂದೇ ಗಡ್ಡೆಯಾಗಿದ್ದವು. ಅದನ್ನು ಕಂಡು ಅವರು ಹುಬ್ಬು ಗಂಟಿಕ್ಕಿದರು.

"ಇದು ಕರಗಿ ಮತ್ತೆ ಗಟ್ಟಿಯಾಗಿರೋದು. ಯಾವಾಗ ಆಫ್ ಆಗಿತ್ತು? ಜನರೇಟರ್ ಇತ್ತಲ್ಲ?"

ಶೈಲಜಾಳಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಆವಲಪ್ಪ, ತನ್ನನ್ನು ಯಾರೂ ಕೇಳದಿದ್ದರೂ, ಮುಂದೆ ಬಂದ. ಅವನ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೇ ಇತ್ತು.

"ಕರೆಂಟ್ ಹೋಗಿದ್ದಲ್ಲ ಸಾರ್. ಆಯುಧಪೂಜೆಗೆ ನಾನೇ ನಿಲ್ಸಿದ್ದೆ. ಶನಿವಾರ ನಿಲ್ಸಿ ಮಂಗಳವಾರ ಬೆಳಿಗ್ಗೆ ಹಾಕ್ದೆ. ಪಾಪ, ಅದಕ್ಕೂ ಒಂದಿನ ಬಿಡುವು ಬೇಕಲ್ವಾ?"

ಶೈಲಜಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಿರಾಳ. ಎರಡೂವರೆ ತಿಂಗಳು ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಆವಲಪ್ಪನ ತಲೆಯ ಮೇಲೆ ಹೋಗಿ ಕೂತಿತು. ಎಂಥ ಸುಖ ಅದು! ಅವಳಿಗೆ ಕುಣಿಯಬೇಕೆನಿಸಿತು.

"ಯಾರು ಹೇಳಿದ್ದು ನಿಂಗೆ?" ಎಂದರು ಸರ್.

"ಅಮ್ಮಾವ್ರನ್ನ ಕೇಳಿ ಮಾಡ್ದೆ ಸಾರ್."

ಸರ್ ಕಣ್ಣು ಶೈಲಜಾಳ ಕಡೆ ತಿರುಗಿತು. ಕಲ್ಲು ವಾಪಸು ಬರುವುದು ಅವಳಿಗೆ ಕಂಡಿತು. ಅವಳು ನೇರ ಆವಲಪ್ಪನನ್ನೇ ನೋಡಿ ಕೇಳಿದಳು.

"ಪೂಜೆ ಮಾಡು ಅಂದೆ. ಆಫ್ ಮಾಡು ಅಂದ್ನಾ ಆವಲಪ್ಪ? ಸರಿಯಾಗಿ ಹೇಳು. ಆಫ್ ಮಾಡು ಅನ್ನೋ ಮಾತು ನನ್ನ ಬಾಯಿಂದ ಬಂತಾ?"

ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಆವಲಪ್ಪ ನೆನಪು ಮಾಡಿಕೊಂಡ. ಪ್ರಾಮಾಣಿಕನಿಗೆ ಇರುವ ದೊಡ್ಡ ರೋಗ ಇದೇ, ಕೇಳಿದ್ದಕ್ಕಷ್ಟೇ ಉತ್ತರ ಹುಡುಕುತ್ತಾನೆ.

"ಇಲ್ಲಮ್ಮ," ಎಂದ. "ಆಫ್ ಮಾಡು ಅಂತ ನೀವು ಅನ್ಲಿಲ್ಲ."

ಅಲ್ಲಿಗೆ ಅವನ ಕತೆ ಗೋವಿಂದ. ಕಮಿಟಿಯವರು ಶೈಲಜಾಳಿಗೆ ಆರು ತಿಂಗಳ ಗಡುವು ಕೊಟ್ಟರು, ಹೊಸ ಸೀಸೆಗೆ ಒಪ್ಪಿಗೆ ಕೊಟ್ಟರು, ಹಳ್ಳಿಗಾಡಿನ ಮೂಢನಂಬಿಕೆಯ ನಡುವೆ ವಿಜ್ಞಾನ ಮಾಡುವ ಕಷ್ಟದ ಬಗ್ಗೆ ಎರಡು ಮಾತಿನ ಮರುಕ ತೋರಿ ಗೋಡಂಬಿ ತಿಂದು ಹೋದರು. ಮಾರನೆಯ ದಿನ ಸರ್ ಆವಲಪ್ಪನನ್ನು ಕರೆದು ನಾಳೆಯಿಂದ ಬರಬೇಡ ಎಂದರು. ಅವನು ವಾದಿಸಲಿಲ್ಲ. ಹೋಗುವ ಮೊದಲು ಇಲಿಗಳಿಗೆ ನೀರು ಹಾಕಿದ, ಬಾಟಲಿ ಕಟ್ಟಿಕೊಂಡಿದ್ದ ಒಂದು ಪಂಜರವನ್ನು ಸರಿಮಾಡಿದ. ಶೈಲಜಾಳ ಮೇಜಿನ ಹತ್ತಿರ ಬಂದು ನಿಂತ.

"ತಿಳೀದೆ ಮಾಡ್ಬಿಟ್ಟೆ ಕಣಮ್ಮ. ಆ ಸೀಸೆ ಬೆಲೆ ಗೊತ್ತಿದ್ದೂ ಮಾಡ್ಬಿಟ್ಟೆ."

ಅವಳು ನೋಟ್‌ಬುಕ್ಕಿನಿಂದ ತಲೆಯೆತ್ತದೆ, "ಆಯ್ತು ಹೋಗು," ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಅವಳಿಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಎಮ್ಮೆಯೇ ತಪ್ಪೊಪ್ಪಿಕೊಂಡು ನಿಂತಿರುವಾಗ ಎತ್ತಿಗೇನು ಕಷ್ಟ?

ಜನವರಿಯಲ್ಲಿ ಅಂಬರೀನ್ ಎಂಬ ಹುಡುಗಿ ಜೂನಿಯರ್ ಆಗಿ ಸೇರಿದಳು. ಶಿಡ್ಲಘಟ್ಟದ ಅಮಾನುಲ್ಲಾ ಸಾಬರ ಮಗಳು. ಚುರುಕು. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರವನ್ನೂ ಬಿಡದೆ ಓದುವ ಜಾತಿ. ಹೊಸ ಸೀಸೆ ತಿಂಗಳ ಮೂರನೆಯ ವಾರದಲ್ಲಿ ಬಂತು. ಶೈಲಜಾ ಅದನ್ನು ಕಣ್ಣಿಗೊತ್ತಿಕೊಂಡು ಕೆಲಸ ಶುರುಮಾಡಿದಳು. ಹತ್ತನೆಯ ಸಲ. ಪೊರೆ ಬೋಳು.

ಅವಳು ಕುರ್ಚಿಯಲ್ಲಿ ಕುಸಿದಳು. ಹೊಚ್ಚ ಹೊಸ ಸೀಸೆ, ಅದು ಬಂದ ಮೇಲೆ ಫ್ರೀಜರು ಒಂದು ಗಳಿಗೆಯೂ ನಿಂತಿಲ್ಲ. ಈಗ ಯಾರ ಹೆಸರು ಹೇಳುವುದು?

ಪೆಟ್ಟಿಗೆಯೊಳಗಿನ ಮಡಚಿದ ಕಾಗದವನ್ನು ಬಿಡಿಸಿ ಓದುತ್ತಿದ್ದ ಅಂಬರೀನ್ ಕೇಳಿದಳು. "ಅಕ್ಕ, ಇದು ಮೊಲದಲ್ಲಿ ತಯಾರಾಗಿರೋದು. ನೀವು ಎರಡನೇದಕ್ಕೆ ಸುಂಡಿಲಿದನ್ನ ಹಿಡಿಯೋದು ಹಾಕ್ತಿದೀರಲ್ಲ?"

ಶೈಲಜಾ ಕಾಗದ ಕಿತ್ತುಕೊಂಡು ನೋಡಿದಳು. ನಿಜ. ಹಿಂದಿನ ವರ್ಷಗಳಲ್ಲಿ ಬಳಸುತ್ತಿದ್ದ ಆ್ಯಂಟಿಬಾಡಿ ಸುಂಡಿಲಿಯದು, ಅದಕ್ಕೆ ಸುಂಡಿಲಿಯನ್ನು ಗುರುತಿಸುವ ಎರಡನೆಯದು. ಈ ಸಲ ಆ ಮಾಲು ಇಲ್ಲವೆಂದು ಕಂಪನಿಯವರು ಮೊಲದ್ದನ್ನು ಕಳಿಸುವುದಾಗಿ ಬರೆದಿದ್ದರು, ಅವಳೇ ಸಹಿ ಹಾಕಿದ್ದಳು, ಆಮೇಲೆ ಮರೆತಿದ್ದಳು. ಮೊಲದ್ದಕ್ಕೆ ಮೊಲವನ್ನು ಗುರುತಿಸುವುದೇ ಬೇಕು. ಇಷ್ಟು ದಿನ ಮೊದಲನೆಯದು ಹೋಗಿ ತನ್ನ ಜಾಗದಲ್ಲಿ ಸರಿಯಾಗಿಯೇ ಕೂರುತ್ತಿತ್ತು. ಎರಡನೆಯದು ಅದರ ಬೆನ್ನು ಹಿಡಿಯದೆ ತೊಳೆದುಹೋಗುತ್ತಿತ್ತು. ಅವಳ ಮಾಮೂಲಿ ಪ್ರೋಟೀನಿನ ಆ್ಯಂಟಿಬಾಡಿ ಮಾತ್ರ ಸುಂಡಿಲಿಯದೇ ಆದ್ದರಿಂದ ಅದು ಕಾಣುತ್ತಿತ್ತು. ಪಿಎಚ್.ಡಿ.ಯ ಮೊದಲ ವರ್ಷದ ಮಕ್ಕಳೂ ಮಾಡದ ತಪ್ಪು.

ಕಾಗದದ ಕೆಳಗೆ ಇನ್ನೊಂದು ಸಾಲಿತ್ತು. ಈ ದ್ರಾವಣದಲ್ಲಿ ಅರ್ಧಪಾಲು ಗ್ಲಿಸರಾಲ್ ಇದೆ, ಹೊರಗಿನ ಶಾಖದಲ್ಲಿ ಒಂದು ವಾರವಿದ್ದರೂ ಕೆಡುವುದಿಲ್ಲ. ಆ ಸಾಲನ್ನು ಅಂಬರೀನ್ ಓದಿದಳೋ ಇಲ್ಲವೋ ಗೊತ್ತಾಗಲಿಲ್ಲ. ಶೈಲಜಾ ಕಾಗದ ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

ಜನವರಿ ಮೂವತ್ತು, ಮಂಗಳವಾರ, ಮೊಹರಂ ರಜೆ. ಅಂಬರೀನ್ ಬರುವುದಿಲ್ಲ, ಯಾರೂ ಬರುವುದಿಲ್ಲ. ಶೈಲಜಾ ವಾಚ್‌ಮನ್ ಹತ್ತಿರ ಬೀಗದಕೈ ಇಸಿದುಕೊಂಡು ಒಬ್ಬಳೇ ಲ್ಯಾಬಿಗೆ ಬಂದಳು. ಬೆಂಗಳೂರಿನಿಂದ ಗೆಳತಿಯೊಬ್ಬಳು ಬಸ್ಸಿನಲ್ಲಿ ಕಳಿಸಿದ್ದ ಎರಡನೆಯ ಆ್ಯಂಟಿಬಾಡಿ, ಮೊಲವನ್ನು ಗುರುತಿಸುವಂಥದು, ಥರ್ಮೊಸಿನಲ್ಲಿತ್ತು. ಒಂದೇ ಪೊರೆ ತೆಗೆದುಕೊಂಡಳು. ಎಡಗಡೆಗೆ ಹೊಸ ಸೀಸೆಯ ಹನಿ. ಬಲಗಡೆಗೆ ಹಳೆಯದು, ಆವಲಪ್ಪ ಕೆಡಿಸಿದ್ದು. ಬಲಗಡೆಯದರ ಅಗತ್ಯ ಪ್ರಬಂಧಕ್ಕೆ ಇರಲಿಲ್ಲ. ಅದು ಅವಳ ಸ್ವಂತಕ್ಕೆ. ಕೆಟ್ಟಿರಲಿ ದೇವರೇ ಎಂದು ಅವಳು ಬೇಡಿಕೊಂಡಳು. ಒಂದು ಔಷಧಿ ಕೆಡಲಿ ಎಂದು ಯಾರಾದರೂ ಅಷ್ಟು ಭಕ್ತಿಯಿಂದ ಬೇಡಿದ್ದು ಆ ಕಟ್ಟಡದಲ್ಲಿ ಅದೇ ಮೊದಲು.

ಮಧ್ಯಾಹ್ನ ಮೂರರ ಹೊತ್ತಿಗೆ ಬಣ್ಣದ ನೀರು ಎರೆದಳು. ಒಂದು ನಿಮಿಷದಲ್ಲಿ ಎಡಗಡೆ ಕಂದು ಪಟ್ಟಿ ಮೂಡಿತು. ಅದರ ಹಿಂದೆಯೇ ಬಲಗಡೆಯೂ. ಅಷ್ಟೇ ದಪ್ಪ, ಅಷ್ಟೇ ಕಂದು. ಹಿಪ್ಪುನೇರಳೆ ತಿಂದ ಇಲಿಗಳಲ್ಲಿ ಗಾಢವಾಗಿ, ತಿನ್ನದವುಗಳಲ್ಲಿ ತೆಳುವಾಗಿ, ಅವಳು ಐದು ವರ್ಷ ಕನಸು ಕಂಡಂತೆಯೇ. ಹಳೆಯ ಸೀಸೆಗೆ ಏನೂ ಆಗಿರಲಿಲ್ಲ. ಮೂರು ದಿನದ ರಜೆಯಿಂದ ಅದಕ್ಕೆ ಶೀತವೂ ಆಗಿರಲಿಲ್ಲ, ಜ್ವರವೂ ಬಂದಿರಲಿಲ್ಲ.

ಅವಳು ಬಹಳ ಹೊತ್ತು ಆ ಪೊರೆಯನ್ನು ನೋಡುತ್ತಾ ಕೂತಳು. ಕಾಯಂ ಪಟ್ಟಿ ಇನ್ನೂ ಹೋಗಿರಲಿಲ್ಲ. ಸರ್ ಸೋಮವಾರವಷ್ಟೇ ಹೇಳಿದ್ದರು, ಶುಕ್ರವಾರ ಬೆಂಗಳೂರಿಗೆ ಕಳಿಸಬೇಕು, ಮೂರನೆಯ ಜಾಗ ಖಾಲಿ ಬಿಟ್ಟಿದ್ದೇನೆ ಎಂದು. ಮೂರು ದಿನ ಇತ್ತು. ಈ ಪೊರೆಯನ್ನು ಒಯ್ದು ಸರ್ ಮೇಜಿನ ಮೇಲಿಟ್ಟು, ತಪ್ಪು ನನ್ನದು ಎಂದರೆ ಮುಗಿಯಿತು. ಸರ್ ನಗುನಗುತ್ತಾ ನಾಲ್ಕು ಜನರನ್ನು ಕರೆಯುತ್ತಾರೆ. ಕಮಿಟಿಗೆ ಬರೆಯುತ್ತಾರೆ. ಮೊದಲ ವರ್ಷದ ಮಕ್ಕಳಿಗೆ ವರ್ಷಾವಧಿ ಹೇಳುತ್ತಾರೆ, ಶೈಲಜಾ ಅನ್ನೋಳು ಒಬ್ಬಳಿದ್ದಳು ಎಂದು. ಅದೆಲ್ಲ ಹೆಚ್ಚೆಂದರೆ ಮಾನದ ಮಾತು. ಆ ಕಡೆ ಇದ್ದದ್ದು ಒಬ್ಬ ಮನುಷ್ಯನ ಇಡೀ ಮುದಿತನ. ತೂಕ ಹಾಕುವುದು ಕಷ್ಟವೇನಲ್ಲ. ಶೈಲಜಾಳಿಗೂ ಯಾವುದು ಭಾರವೆಂದು ಚೆನ್ನಾಗಿ ತಿಳಿಯಿತು.

ಅವಳು ಕತ್ತರಿ ತೆಗೆದುಕೊಂಡು ಪೊರೆಯನ್ನು ನಡುವೆ ಕತ್ತರಿಸಿದಳು. ಎಡಗಡೆಯ ತುಂಡನ್ನು ಒಣಗಲು ಇಟ್ಟಳು. ಬಲಗಡೆಯದನ್ನೂ, ಹಳೆಯ ಸೀಸೆಯಲ್ಲಿ ಉಳಿದದ್ದನ್ನೂ ಬ್ಲೀಚಿಂಗ್ ನೀರಿಗೆ ಹಾಕಿದಳು.

ಗುರುವಾರ ನಾರಾಯಣಮ್ಮ ಬಂದಳು, ಆವಲಪ್ಪನ ಹೆಂಡತಿ. ಗೇಟಿನ ಹತ್ತಿರ ಬಿಸಿಲಲ್ಲಿ ಎರಡು ಗಂಟೆ ಕಾದಿದ್ದಳು. ಶೈಲಜಾ ಊಟಕ್ಕೆ ಹೊರಗೆ ಬಂದಾಗ ಎದ್ದು ಸೆರಗು ಸರಿಮಾಡಿಕೊಂಡಳು.

"ಅವನು ಹೋಗು ಅನ್ಲಿಲ್ಲಮ್ಮ, ನಾನೇ ಬಂದೆ. ಸಾಬ್ರ ಕಾರ್ಖಾನೆಗೆ ಮತ್ತೆ ಹೋಗ್ತಾವ್ನೆ. ಬೆರಳು ಒಡೆದು ನೀರು ಸುರೀತದೆ, ತುತ್ತು ಎತ್ತಕ್ಕಾಗಲ್ಲ, ನಾನೇ ತಿನ್ನಿಸ್ತೀನಿ. ನೀವೊಂದು ಮಾತು ಸಾರ್‌ಗೆ ಹೇಳಿದ್ರೆ ಕೇಳ್ತಾರಂತೆ. ನಿಮ್ಮ ಔಷಧಿ ತಾನೇ ಹಾಳಾಗಿದ್ದು, ನೀವೇ ಹೋಗ್ಲಿ ಬಿಡಿ ಅಂದ್ಬಿಟ್ರೆ ಇನ್ಯಾರೇನಂತಾರೆ?"

ಹಳ್ಳಿಯ ಹೆಂಗಸು ನೇರವಾಗಿ ಬುಡಕ್ಕೇ ಕೈ ಹಾಕಿದ್ದಳು. "ನೋಡ್ತೀನಮ್ಮ," ಎಂದಳು ಶೈಲಜಾ. "ನನ್ನ ಕೈಲಿ ಏನಿದೆ? ಹೇಳಿ ನೋಡ್ತೀನಿ."

ನಾರಾಯಣಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸರೇ ತಾಯಿ," ಎಂದು ಹೊರಟಳು.

ಶುಕ್ರವಾರ ಬೆಳಿಗ್ಗೆ ಶೈಲಜಾ ಎಡಗಡೆಯ ತುಂಡನ್ನು ಸರ್‌ಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಐದು ವರ್ಷದಲ್ಲಿ ಮೊದಲ ಸಲ ಅವಳ ಬೆನ್ನು ತಟ್ಟಿದರು.

"ಚೆನ್ನಾಗಿದೆ. ಹೊಸ ಸೀಸೆದಾ?"

"ಹೌದು ಸರ್."

"ಹಳೇದನ್ನೂ ಹಾಕಿ ನೋಡಿದ್ಯಾ?" ಅವರ ಮುಂದೆ ಕಾಯಂ ಪಟ್ಟಿಯ ಕಾಗದ ಬಿಚ್ಚಿಕೊಂಡೇ ಇತ್ತು. "ಆ ಆವಲಪ್ಪನ ಹೆಂಡ್ತಿ ನಿನ್ನೆ ನನ್ನ ಕಾರಿಗೂ ಅಡ್ಡ ನಿಂತಿದ್ಳು. ಹನ್ನೊಂದು ವರ್ಷ ದುಡಿದಿದ್ದಾನೆ ಅಂತ ನಂಗೂ ಒಂಥರಾ ಆಗ್ತಿದೆ. ಅಕಸ್ಮಾತ್ ಅದು ಕೆಟ್ಟಿಲ್ಲ ಅಂದ್ರೆ ಅವನ ಹೆಸರು ಸೇರ್ಸಣ. ನನಗೇನು ದ್ವೇಷವಾ?"

ಚರ್ಮ ಸುಲಿಯುವ ಮನುಷ್ಯನೇ ಬಾಗಿಲು ತೆರೆದು ಹಿಡಿದು ನಿಂತಿದ್ದ. ಕೆಟ್ಟಿಲ್ಲ ಎಂದು ಶೈಲಜಾ ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು.

"ಹಾಕಿ ನೋಡ್ದೆ ಸರ್," ಎಂದಳು. "ಏನೂ ಬರ್ಲಿಲ್ಲ. ಪೂರ್ತಿ ಹಾಳಾಗಿದೆ."

ಡಿಸೆಂಬರಿನಲ್ಲಿ ಹೇಳಿದ್ದು ನಿಜ, ಈಗ ಹೇಳಿದ್ದು ಸುಳ್ಳು. ಎರಡಕ್ಕೂ ಅವಳ ದನಿಯಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸರ್ ಪೆನ್ನು ತೆಗೆದು ಮೂರನೆಯ ಜಾಗದಲ್ಲಿ ಗೌರಿಬಿದನೂರಿನ ಮಧುಕುಮಾರ್ ಎಂಬ ತಮ್ಮ ಕಡೆಯವನ ಹೆಸರು ಬರೆದರು. ಅವನು ಕೇಂದ್ರಕ್ಕೆ ಬಂದು ಒಂದೂವರೆ ವರ್ಷವಾಗಿತ್ತು.

ಜೂನ್‌ನಲ್ಲಿ ಶೈಲಜಾ ಪ್ರಬಂಧ ಸಲ್ಲಿಸಿದಳು, ಆಗಸ್ಟಿನಲ್ಲಿ ಡಾಕ್ಟರ್ ಶೈಲಜಾ ಆದಳು. ಆ ಖುಷಿಗೆ ಅಂಬರೀನ್ ಒಂದು ಭಾನುವಾರ ಶಿಡ್ಲಘಟ್ಟದ ತಮ್ಮ ಮನೆಗೆ ಊಟಕ್ಕೆ ಕರೆದಳು. ಅಲ್ಲಿ ಯಾರು ಕೆಲಸ ಮಾಡುತ್ತಾರೆಂಬುದು ಗೊತ್ತಿದ್ದೂ ಶೈಲಜಾ ಹೋದಳು. ಭಾನುವಾರ ಕಾರ್ಖಾನೆ ಇರಲಾರದು ಎಂದುಕೊಂಡಿದ್ದಳು. ರೇಷ್ಮೆಗೆ ಭಾನುವಾರವಿಲ್ಲ, ಗೂಡು ಚಿಟ್ಟೆಯಾಗುವ ಮೊದಲು ನೂಲು ತೆಗೆಯಬೇಕು.

ಮನೆಯ ಪಕ್ಕದ ಶೆಡ್ಡಿನಿಂದ ಬೆಂದ ಹುಳದ ವಾಸನೆ ಬರುತ್ತಿತ್ತು. ಹೊಗೆಯ ನಡುವೆ ಸಾಲಾಗಿ ಕುದಿನೀರಿನ ತೊಟ್ಟಿಗಳು. ಬಾಗಿಲು ದಾಟುವಾಗಲೇ ಆವಲಪ್ಪ ಅವಳನ್ನು ಗುರುತಿಸಿ, ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ ಓಡಿಬಂದ. ಬೆರಳುಗಳು ಊದಿ, ಉಗುರಿನ ಬುಡ ಹಸಿಯಾಗಿತ್ತು.

"ಡಾಕ್ಟ್ರಾದ್ರಂತೆ ಅಮ್ಮ. ಅಂಬರೀನಮ್ಮ ಹೇಳಿದ್ರು. ಭಾಳ ಸಂತೋಷ ಆಯ್ತು."

"ಹ್ಞೂಂ. ಚೆನ್ನಾಗಿದೀಯಾ?"

"ಇದೀನಿ." ಬೆರಳುಗಳನ್ನು ಮತ್ತೆ ಲುಂಗಿಗೆ ಒರೆಸಿಕೊಂಡ. "ಆ ಸೀಸೇಲಿ ಒಂದು ಹನಿನಾದ್ರೂ ಉಳೀತೇನಮ್ಮ?"

ಸರ್ ಇರಲಿಲ್ಲ, ಕಮಿಟಿ ಇರಲಿಲ್ಲ. ಡಾಕ್ಟರ್ ಎಂಬ ಹೆಸರನ್ನು ಇನ್ನು ಯಾರೂ ಕಿತ್ತುಕೊಳ್ಳಲಾರರು. ನಿಜ ಹೇಳಿದ್ದರೆ ಅವನಿಗೆ ಕೆಲಸ ವಾಪಸು ಬರುತ್ತಿರಲಿಲ್ಲ, ಆದರೆ ಎದೆಯೊಳಗಿನ ಮುಳ್ಳಾದರೂ ಕಿತ್ತು ಬರುತ್ತಿತ್ತು. ಶೈಲಜಾಳಿಗೆ ಅದು ಹೊಳೆಯದೆ ಇರಲಿಲ್ಲ.

"ಇಲ್ಲ ಆವಲಪ್ಪ. ಒಂದು ಹನೀನೂ ಉಳೀಲಿಲ್ಲ."

ಅವನು ತಲೆಯಾಡಿಸಿದ. ಕಣ್ಣು ತುಂಬಿಕೊಂಡವು.

"ನಂದೇನೋ ಹೋಗ್ಲಿ. ನಿಮ್ಮ ಒಂದು ವರ್ಷ ನನ್ನ ಕೈಯಿಂದ ಹಾಳಾಯ್ತಲ್ಲ, ಅದೇ ಕೊರಗು ಕಣಮ್ಮ ದಿನಾ. ಊಟ ಸೇರಲ್ಲ. ಮನಸ್ಸಲ್ಲಿ ಇಟ್ಕೋಬೇಡಿ. ಕ್ಷಮಿಸ್ಬಿಟ್ಟೆ ಅಂತ ಒಂದು ಮಾತು ಅಂದ್ಬಿಡಿ."

ಒಳಗಿನಿಂದ ಅಂಬರೀನ್ ಊಟ ಆರುತ್ತದೆ ಎಂದು ಕರೆದಳು. ಶೈಲಜಾ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

"ಕ್ಷಮಿಸಿದೀನಿ ಬಿಡು," ಎಂದಳು. "ನಾನು ಯಾವಾಗ್ಲೋ ಮರ್ತುಬಿಟ್ಟೆ."

ಆವಲಪ್ಪ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದ. ಮುಖ ಎಷ್ಟೋ ಹಗುರಾಗಿತ್ತು. ಆಮೇಲೆ ಶೆಡ್ಡಿನ ಕಡೆ ತಿರುಗಿ, ಕೊನೆಯ ತೊಟ್ಟಿಯ ಮುಂದೆ ಕೂತು ನೂಲಿನ ಎಳೆ ಹುಡುಕುತ್ತಿದ್ದ ನಾರಾಯಣಮ್ಮನಿಗೆ ಕೇಳಿಸುವಂತೆ ಹೇಳಿದ.

"ಅಮ್ಮಾವ್ರು ಕ್ಷಮಿಸ್ಬಿಟ್ರು ಕಣೇ. ನಾನು ಹೇಳ್ಲಿಲ್ವಾ, ಅವರು ದೊಡ್ಡ ಮನಸ್ಸಿನೋರು ಅಂತ."

ನಾರಾಯಣಮ್ಮ ತಲೆಯೆತ್ತಿ ಶೈಲಜಾಳನ್ನು ಒಮ್ಮೆ ನೋಡಿದಳು. ಮತ್ತೆ ಕುದಿನೀರಿಗೆ ಕೈ ಹಾಕಿದಳು.